ಗೆರೆಯ ಈಚೆ ಆರು ದಿನ

ನಾನು ಹದಿನೇಳು ವರ್ಷ ಮಿಲಿಟರಿಯಲ್ಲಿದ್ದೆ. ಊರಿಗೆ ಬಂದಾಗಲೆಲ್ಲ ಅರಳಿಕಟ್ಟೆಯ ಮೇಲೆ ಕೂತವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಎಷ್ಟು ಜನರನ್ನು ಹೊಡೆದೆ? ಹೊಡೆದದ್ದು ದೇವರಿಗೇ ಗೊತ್ತು, ಕತ್ತಲಲ್ಲಿ ಹಾರಿಸಿದ ಗುಂಡು ಎಲ್ಲಿಗೆ ಹೋಯಿತೆಂದು ಯಾರು ಹೋಗಿ ನೋಡುತ್ತಾರೆ? ಹೊತ್ತದ್ದು ಮಾತ್ರ ಚೆನ್ನಾಗಿ ನೆನಪಿದೆ. ನೀರಿನ ಡಬ್ಬ, ಹಿಟ್ಟಿನ ಮೂಟೆ, ಕಾಲು ಮುರಿದವರು. ಒಂದು ಸಲ ಒಂದು ಟ್ರಂಕು. ಆ ಟ್ರಂಕನ್ನು ಒಂದು ಸಣ್ಣ ಹಳ್ಳಿಯ ಒಳಗೆ ಇಡುವುದಕ್ಕೆ ಮೂವರು ಗಂಡಸರಿಗೆ, ಒಂದು ಸರ್ಕಾರಿ ಜೀಪಿಗೆ, ಆರು ದಿನ ಹಿಡಿಯಿತು. 

ಟ್ರಂಕು ನನ್ನ ಜೊತೆಯವನದು. ನಾನು ಚನ್ನಪಟ್ಟಣದ ಕಡೆ ಹೊಂಗನೂರಿನವನು, ಅವನು ಕನಕಪುರದಾಚೆ ಕಾಡಂಚಿನ ಹಳ್ಳಿಯವನು. ಅಷ್ಟು ದೂರದ ಗಡಿಯಲ್ಲಿ ಇದಕ್ಕಿಂತ ಹತ್ತಿರದ ನೆಂಟಸ್ತನ ಬೇಕಾಗಿರಲಿಲ್ಲ. ಮುದ್ದೆ ಇಲ್ಲದ ಊಟವನ್ನು ಇಬ್ಬರೂ ಒಟ್ಟಿಗೆ ಬೈದುಕೊಂಡು ಉಣ್ಣುತ್ತಿದ್ದೆವು. ಅರವತ್ತೈದರ ಯುದ್ಧ ನಿಂತಿತು ಎಂದು ಪೇಪರಿನಲ್ಲಿ ಬಂದು ಕೆಲವು ತಿಂಗಳಾಗಿತ್ತು. ಗುಂಡಿಗೆ ಪೇಪರು ಓದಲು ಬರುವುದಿಲ್ಲವಲ್ಲ. ಒಂದು ಸಂಜೆ ಅವನ ಹೊಟ್ಟೆಗೆ ಗುಂಡು ಬಿತ್ತು, ಮಾರನೆಯ ದಿನ ತೀರಿಕೊಂಡ. ಅಷ್ಟು ಹೊತ್ತೂ ನಾನು ಅವನ ಪಕ್ಕದಲ್ಲೇ ಇದ್ದೆ. ಅಲ್ಲೇ ಸುಟ್ಟು, ಅಸ್ಥಿಯನ್ನು ಒಂದು ತಾಮ್ರದ ಚೊಂಬಿನಲ್ಲಿ ಹಾಕಿ ಬಾಯಿಗೆ ಬಟ್ಟೆ ಕಟ್ಟಿ, ಅವನ ಟ್ರಂಕಿನಲ್ಲೇ ಇಟ್ಟೆವು. ಜೊತೆಗೆ ಎರಡು ಜೊತೆ ಬಟ್ಟೆ, ಒಂದು ಗಡಿಯಾರ, ಮಗುವಿಗೆಂದು ಕೊಂಡಿದ್ದ ಉಣ್ಣೆಯ ಟೋಪಿ. ಕನಕಪುರದ ಸೆಕೆಯಲ್ಲಿ ಉಣ್ಣೆ ಟೋಪಿ ಯಾವನು ಹಾಕುತ್ತಾನೋ ಎಂದು ನಾನೇ ಗೇಲಿ ಮಾಡಿದ್ದೆ.

ಟ್ರಂಕನ್ನು ಮನೆಗೆ ಮುಟ್ಟಿಸಿ ಹೆಬ್ಬೆಟ್ಟು ಹಾಕಿಸಿಕೊಂಡು ಬರಲು ನನ್ನನ್ನೂ ಒಬ್ಬ ಪಂಜಾಬಿ ಹವಾಲ್ದಾರರನ್ನೂ ಕಳಿಸಿದರು. ಬೆಂಗಳೂರಿನಲ್ಲಿ ಒಂದು ಜೀಪು ಕೊಟ್ಟರು. ಅದರ ಡ್ರೈವರ್ ರಾಮನಗರದ ಸಾಬರು, ರೇಷ್ಮೆ ನೂಲು ತೆಗೆಯುವ ಮನೆತನದವರು, ನಮಗಿಂತ ಹಿರಿಯರು. ಕನಕಪುರದಲ್ಲಿ ದಾರಿ ಕೇಳಲು ಪೋಸ್ಟಾಫೀಸಿಗೆ ಹೋದರೆ, ಸಾವಿನ ಟೆಲಿಗ್ರಾಮು ಇನ್ನೂ ಅಲ್ಲೇ ಇತ್ತು.

"ಊರು ಕಟ್ಟವ್ರೆ ಸಾರ್," ಎಂದರು ಅಲ್ಲಿದ್ದವರು. "ಅಮ್ಮ ಬಂದೈತೆ. ನಮ್ ಪೋಸ್ಟ್‌ಮನ್ನು ಎಲ್ಡು ಸಲ ಹೋಗಿ ಗೆರೆ ತಾವಿಂದ್ಲೇ ವಾಪಸ್ ಬಂದ. ದಾಟಾಕೆ ಆಗಕಿಲ್ವಂತೆ."

ಅಮ್ಮ ಎಂದರೆ ಸಿಡುಬು. ಆಗಿನ್ನೂ ಅದು ಬೇಸಿಗೆ ಬೇಸಿಗೆಗೆ ಬರುತ್ತಿತ್ತು. ಬಂದ ಊರಿನ ಸುತ್ತ ಪೂಜಾರಿ ಬೂದಿ ಅರಿಶಿನದಲ್ಲಿ ಗೆರೆ ಎಳೆದು ಕಟ್ಟು ಹಾಕುತ್ತಿದ್ದ. ಒಂಬತ್ತು ದಿನ ಒಳಗಿನವರು ಹೊರಗಿಲ್ಲ, ಹೊರಗಿನವರು ಒಳಗಿಲ್ಲ. ಯಾವ ಮನೆಯಲ್ಲೂ ಒಗ್ಗರಣೆ ಚುಯ್ ಅನ್ನಬಾರದು. ಎಲ್ಲಕ್ಕಿಂತ ಕಟ್ಟುನಿಟ್ಟಾದದ್ದು, ಯಾರೂ ಅಳಬಾರದು. ಅಮ್ಮ ನೆಂಟಳಾಗಿ ಬಂದಿರುತ್ತಾಳೆ, ನೆಂಟರೆದುರು ಅತ್ತರೆ ಅವಳಿಗೆ ಸಿಟ್ಟು ಬರುತ್ತದೆ, ಕೂಸುಗಳನ್ನು ಎತ್ತಿಕೊಂಡು ಹೋಗುತ್ತಾಳೆ. ನನಗಿದು ಹೊಸದಲ್ಲ. ನಮ್ಮ ಮನೆಯಲ್ಲಿ ರೇಷ್ಮೆ ಹುಳ ಪೊರೆ ಬಿಡಲು ಜ್ವರಕ್ಕೆ ಕೂತಾಗ, ಸೋಂಕು ತಗಲಬಾರದೆಂದು ಚಿಕ್ಕಪ್ಪನನ್ನೂ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದರು. ಆದರೆ ಹವಾಲ್ದಾರರಿಗೆ ಇದನ್ನೆಲ್ಲ ನನ್ನ ಹರುಕು ಹಿಂದಿಯಲ್ಲಿ ಹೇಳಿದಾಗ ಅವರು ತೋಳು ಮಡಚಿ ದೇವಿ ಹಾಕಿಸಿಕೊಂಡ, ಅಂದರೆ ಸಿಡುಬಿಗೆ ಚುಚ್ಚಿಸಿಕೊಂಡ, ಗುರುತು ತೋರಿಸಿದರು. ರೋಗಕ್ಕೆ ನಮಗೇನು ಭಯ, ನಡೆ ಎಂದರು.

ಊರ ಮುಂದೆ ಎರಡು ಹುಣಸೆ ಮರ. ನಡುವೆ ಬೇವಿನ ತೋರಣ, ಕೆಳಗೆ ಗೆರೆ, ಗೆರೆಯ ಮೇಲೆ ಹೆಚ್ಚಿದ ನಿಂಬೆಹಣ್ಣು. ಜೀಪು ಅಲ್ಲಿಗೆ ಬಂದು ನಿಂತುಹೋಯಿತು. ಸಾಬರು ಮತ್ತೆ ಸ್ಟಾರ್ಟ್ ಮಾಡಿದರು, ಗೆರೆಯ ಹತ್ತಿರ ಮತ್ತೆ ನಿಂತಿತು. ಹಿಂದಕ್ಕೆ ತಗೊಂಡರೆ ಬೆಣ್ಣೆಯ ಹಾಗೆ ಓಡುತ್ತದೆ, ಮುಂದಕ್ಕೆ ಬಿಟ್ಟರೆ ಉಸಿರು ಕಟ್ಟುತ್ತದೆ. ಮೂರನೆಯ ಸಲ ಸಾಬರು ಬಾನೆಟ್ಟು ಎತ್ತಿ ನೋಡಿ, ಮುಚ್ಚಿ, ಕೈ ಒರೆಸಿಕೊಂಡರು. "ಗಾಡಿಗೆ ಏನೂ ಆಗಿಲ್ಲ. ಅದಕ್ಕೆ ಒಳಗೆ ಹೋಗೋ ಮನಸ್ಸಿಲ್ಲ, ಅಷ್ಟೇ," ಎಂದರು.

ಹವಾಲ್ದಾರರಿಗೆ ಕೋಪ ಬಂತು. ಟ್ರಂಕು ಇಳಿಸಿ, ತಾವೇ ತಲೆಯ ಮೇಲಿಟ್ಟುಕೊಂಡು ನಡೆದರು. ಆ ಮನುಷ್ಯ ಗುಂಡಿನ ಮಳೆಯಲ್ಲಿ ಬೀಡಿ ಹಚ್ಚಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗೆರೆಯ ಮುಂದೆ ಒಂದು ಕಾಲೆತ್ತಿದವರು ಹಾಗೇ ನಿಂತರು. ಕಾಲು ಕೆಳಗಿಟ್ಟು, ಮತ್ತೆ ಎತ್ತಿ, ಕೊನೆಗೆ ತಿರುಗಿ ಬಂದು ಟ್ರಂಕು ಇಳಿಸಿ ಕೂತು ನೀರು ಕೇಳಿದರು. ಎದೆಗೆ ಯಾರೋ ಅಂಗೈ ಒತ್ತಿ ತಡೆದ ಹಾಗಾಯಿತು, ಆ ಕೈ ತಣ್ಣಗಿತ್ತು ಎಂದರು. ಆಮೇಲೆ ನಾನೂ ಹೋದೆ. ನನಗೆ ಯಾವ ಕೈಯೂ ತಗುಲಲಿಲ್ಲ, ಮೊಣಕಾಲಿನ ಕೆಳಗೆ ಕಾಲೇ ಇಲ್ಲದ ಹಾಗಾಯಿತು. ಅದು ದೇವರೋ, ಸತ್ತವನ ತಾಯಿಗೆ ಸುದ್ದಿ ಹೇಳಬೇಕಾದ ಹೆದರಿಕೆಯೋ, ನನ್ನ ವಿಷಯದಲ್ಲಿ ನಾನೇ ಪ್ರಮಾಣ ಮಾಡಲಾರೆ. ಹವಾಲ್ದಾರರಿಗೆ ಅಂಥ ಹೆದರಿಕೆ ಇರಲಿಲ್ಲ, ಜೀಪಿಗಂತೂ ಇರಲೇ ಇಲ್ಲ.

ಗೆರೆಯ ಒಳಗೆ ಕಂಬಳಿ ಹೊದ್ದು ಕೂತಿದ್ದ ಪೂಜಾರಿ ಇದನ್ನೆಲ್ಲ ನೋಡುತ್ತಲೇ ಇದ್ದ. ಬೈಯಲಿಲ್ಲ, ನಗಲೂ ಇಲ್ಲ. "ಮೂರು ದಿನ ಆಗೈತೆ, ಇನ್ನಾರು ದಿನ ಐತೆ. ಇದ್ರೆ ಇರಿ, ಹೋದ್ರೆ ಹೋಗಿ. ಅಮ್ಮ ಬುಟ್ರೆ ನಾನೇನು ತಡೆಯಾಕಿಲ್ಲ," ಎಂದ. ಹವಾಲ್ದಾರರು, ಕೊಟ್ಟು ಬರಬೇಕು ಎಂದು ಹೇಳಿದ್ದಾರೆ, ಇಂಥ ದಿನವೇ ಎಂದು ಹೇಳಿಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಹುಣಸೆ ಮರದ ಕೆಳಗೆ ಹಾಸಿಗೆ ಬಿಚ್ಚಿದರು.

ಮಿಲಿಟರಿ ಜೀಪು ಬಂದಿದೆ ಎಂದು ಸುದ್ದಿ ಹೋಗಿ, ಇಳಿಹೊತ್ತಿಗೆ ಅವನ ತಾಯಿಯೇ ಬಂದಳು. ಸಣ್ಣ ಆಳು, ಚುರುಕು ಕಣ್ಣು. ನಾನು ಟ್ರಂಕಿನ ಮುಂದೆ ಅಡ್ಡ ನಿಂತೆ.

"ನನ್ ಮಗ ಹೆಂಗವ್ನಪ್ಪ?"

"ಚೆನ್ನಾಗವ್ನೆ ಕಣವ್ವ. ಸಾಮಾನು ಮುಂದಾಗಿ ಕಳಿಸವ್ನೆ."

ಇನ್ನೇನು ಹೇಳಲಿ? ಅವಳ ಮೊಮ್ಮಗನಿಗೇ ಊರಲ್ಲಿ ಎಲ್ಲರಿಗಿಂತ ಜೋರಾಗಿ ಬಂದಿತ್ತು, ಸೊಸೆ ಹಗಲೂ ರಾತ್ರಿ ಆ ಕೂಸಿನ ಪಕ್ಕ ಬೇವಿನ ಸೊಪ್ಪು ಬೀಸುತ್ತ ಕೂತಿದ್ದಳು. ಇದನ್ನು ಆಕೆಯೇ ಗೆರೆಯ ಆಚೆ ನಿಂತು ಹೇಳಿದಳು. ಮೂರು ಮುದ್ದೆ, ಸಪ್ಪೆ ಸೊಪ್ಪಿನ ಸಾರು ತಂದು ಗೆರೆಯ ಮೇಲಿಟ್ಟು ಹೋದಳು. ಅನ್ನಕ್ಕೆ ಕಟ್ಟಿಲ್ಲ, ತಗೊಳ್ಳಿ ಎಂದ ಪೂಜಾರಿ.

ಆ ಸಂಜೆ ನಾನೊಂದು ತಪ್ಪು ಮಾಡಿದೆ. ಮೂರು ದಿನ ರೈಲಿನಲ್ಲಿ ಅವನಿಗೆ ದೀಪ ಇಡಲು ಆಗಿರಲಿಲ್ಲ, ಅದು ನನ್ನನ್ನು ಕೊರೆಯುತ್ತಿತ್ತು. ನಮ್ಮ ಕಡೆ ಸತ್ತವರ ತಲೆಯ ಕಡೆ ದೀಪವಿಲ್ಲದೆ ಬಿಡುವುದಿಲ್ಲ. ಟ್ರಂಕಿನಲ್ಲಿ ಚೊಂಬು ಇದ್ದ ಬದಿಯನ್ನು ದಕ್ಷಿಣಕ್ಕೆ ತಿರುಗಿಸಿ, ಮಣ್ಣಿನ ಹಣತೆಯೊಂದನ್ನು ಹಚ್ಚಿಟ್ಟೆ. ಹವಾಲ್ದಾರರಿಗೆ ಅದು ಏನೆಂದು ತಿಳಿಯಲಿಲ್ಲ, ಸಾಬರಿಗೂ ತಿಳಿಯಲಿಲ್ಲ. ತಿಳಿಯುವವಳು ಹದಿನೈದು ಮಾರು ದೂರದಲ್ಲಿ, ಪಾತ್ರೆ ತೆಗೆದುಕೊಳ್ಳಲು ಬಂದು ನಿಂತಿದ್ದಾಳೆ ಎಂದು ನಾನು ತಿರುಗಿ ನೋಡಿದಾಗಲೇ ಗೊತ್ತಾದದ್ದು.

ಅವಳು ದೀಪ ನೋಡಿದಳು, ಟ್ರಂಕು ಯಾವ ಕಡೆಗಿದೆ ಎಂದು ನೋಡಿದಳು. ನಾನು ಬಾಯಿ ತೆರೆದೆ.

"ಯೋಳ್ಬ್ಯಾಡ," ಎಂದಳು. "ಬಾಯಲ್ಲಿ ಯೋಳ್ಬ್ಯಾಡ ಕಂದ. ನೀ ಯೋಳುದ್ರೆ ನಾ ಅಳ್ಬೇಕು. ನಾ ಅತ್ರೆ ಅಮ್ಮ ಮಗೀನ ಕರ್ಕೊಂಡೋಯ್ತಳೆ. ಗೆರೆ ತೆಗೀಲಿ. ಆಮ್ಯಾಕೆ ಅಳ್ತೀನಿ, ಒಟ್ಟೆ ತುಂಬ ಅಳ್ತೀನಿ. ಅಲ್ಲೀಗಂಟ ಅವ್ನು ನಿನ್ ತಾವ್ಲೇ ಇರ್ಲಿ."

ಪಾತ್ರೆ ಎತ್ತಿಕೊಂಡು ಹೋದಳು. ಹೆಜ್ಜೆ ಕೂಡ ತಪ್ಪಲಿಲ್ಲ. ನನಗೆ ಅವಳ ಹಿಂದೆ ಓಡಿಹೋಗಿ ಕಾಲು ಹಿಡಿಯಬೇಕು ಅನ್ನಿಸಿತು. ಗೆರೆಯವರೆಗೆ ಹೋಗಿ ನಿಂತೆ, ಅಷ್ಟೇ.

ಮುಂದಿನ ದಿನಗಳಲ್ಲಿ ಪ್ರತಿ ಸಂಜೆ ಊಟದ ಜೊತೆ ತೆಂಗಿನ ಚಿಪ್ಪಿನಲ್ಲಿ ಒಸಿ ಹರಳೆಣ್ಣೆ ತಂದು ಗೆರೆಯ ಮೇಲಿಡುತ್ತಿದ್ದಳು. ಏನಕ್ಕೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ದೀಪಕ್ಕೆ ಎಣ್ಣೆ ಹಾಕುವವರೆಗೂ ಗೆರೆಯಾಚೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದಳು. ಕೂತು ಅವನ ಚಿಕ್ಕಂದಿನ ಕತೆ ಹೇಳುತ್ತಿದ್ದಳು. ಮುಳ್ಳು ಚುಚ್ಚಿದರೆ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದನಂತೆ, ಕುರಿಮರಿ ಮಾರಿದ ದಿನ ಉಣ್ಣದೆ ಮಲಗಿದ್ದನಂತೆ. ಹೇಳಿ ನಗುತ್ತಿದ್ದಳು. ನಾವು ಮೂವರೂ ನಗಬೇಕಾಗಿತ್ತು, ನಗುತ್ತಿದ್ದೆವು. ಹವಾಲ್ದಾರರು ಒಂದು ಮಾತೂ ಅರ್ಥವಾಗದೆ ನಗುತ್ತಿದ್ದರು, ಆಮೇಲೆ ಜೀಪಿನ ಆಚೆ ಬದಿಗೆ ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದರು. ಸೊಸೆಗೆ ಏನು ಹೇಳಿದ್ದೀಯವ್ವ ಎಂದು ಒಮ್ಮೆ ಕೇಳಿದೆ. "ಅವ್ನು ಬರೋದು ತಡ ಆಯ್ತದೆ ಅಂದಿವ್ನಿ," ಎಂದಳು.

ಒಂಬತ್ತನೆಯ ದಿನ ಬೆಳಿಗ್ಗೆ ಊರಿನ ಹೆಂಗಸರು ಮೊರದಲ್ಲಿ ಮೊಸರನ್ನ ಇಟ್ಟುಕೊಂಡು ತಮಟೆಯ ಜೊತೆ ಬಂದರು. ಅಮ್ಮನನ್ನು ತಂಪು ಮಾಡಿ, ಊರ ಗಡಿಯಾಚೆ ಕಳಿಸಿದರು. ಪೂಜಾರಿ ಬೇವಿನ ಸೊಪ್ಪಿನಿಂದ ಗೆರೆಯನ್ನು ಗುಡಿಸಿದ. ಸಾಬರು ಬಿಸ್ಮಿಲ್ಲಾ ಎಂದು ಕೀ ತಿರುಗಿಸಿದರು, ಜೀಪು ಒಂದೇ ಸಲಕ್ಕೆ ಹೊರಟು ಹುಣಸೆ ಮರಗಳ ನಡುವೆ ಸಲೀಸಾಗಿ ಒಳಗೆ ಹೋಯಿತು. ನನ್ನ ಕಾಲಿಗೂ ಏನೂ ಆಗಲಿಲ್ಲ.

ಕೂಸು ಬದುಕಿತ್ತು. ಬೇವಿನ ನೀರಿನ ಸ್ನಾನ ಮಾಡಿಸಿ ಜಗಲಿಯ ಮೇಲೆ ಮಲಗಿಸಿದ್ದರು, ಮೈಯೆಲ್ಲ ಹೊಪ್ಪಳೆ. ಪಕ್ಕದಲ್ಲಿ ಸೊಸೆ ನಿದ್ದೆಗೆಟ್ಟ ಕಣ್ಣಲ್ಲಿ ನಮ್ಮನ್ನು ನೋಡಿ ನಗಲು ಹೊರಟಿದ್ದಳು. ತಾಯಿ ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟಳು.

"ಇನ್ನ ಅಳು ಕಣವ್ವ. ಅಮ್ಮ ಹೋದ್ಲು."

"ಯಾಕತ್ತೆ?" ಎಂದಳು ಆ ಹುಡುಗಿ. ಆಮೇಲೆ ಹವಾಲ್ದಾರರ ಕೈಯಲ್ಲಿ ಚೊಂಬನ್ನು ನೋಡಿದಳು. ಆ ಕೂಗನ್ನು ಬರೆಯಲು ನನಗೆ ಬರುವುದಿಲ್ಲ. ಒಂಬತ್ತು ದಿನದಿಂದ ತಡೆದುಕೊಂಡಿದ್ದ ಊರೇ ಅವಳ ಜೊತೆ ಅತ್ತಿತು. ಆ ಒಂಬತ್ತು ದಿನದಲ್ಲಿ ಬೇರೆ ಮನೆಗಳಲ್ಲೂ ಕೂಸುಗಳು ಹೋಗಿದ್ದವು, ಅವಕ್ಕೂ ಯಾರೂ ಅತ್ತಿರಲಿಲ್ಲ.

ತಾಯಿ ಮಾತ್ರ ಕಂಬಕ್ಕೆ ಒರಗಿ ಕೂತು ಬಾಯಿ ತೆರೆದಳು, ಸ್ವರ ಬರಲಿಲ್ಲ. ಹೆಂಗಸರು ಬೆನ್ನಿಗೆ ಗುದ್ದಿದರು. "ಅತ್ತುಬುಡಕ್ಕೋ, ಎದೆ ಒಡ್ದೋಯ್ತದೆ," ಎಂದರು. ಅವಳು ನನ್ನ ಕಡೆ ತಿರುಗಿದಳು.

"ನನ್ ಮಗ ಸಾಯೋವಾಗ ಅತ್ನಾ?"

ಆ ಮಾತನ್ನು ಯಾಕೆ ಕೇಳಿದಳು ಎಂದು ಅರ್ಥ ಮಾಡಿಕೊಳ್ಳುವ ಬುದ್ಧಿ ನನಗಿರಲಿಲ್ಲ. ಸತ್ತವರ ಮನೆಯಲ್ಲಿ ಏನು ಹೇಳಬೇಕೆಂದು ಮಿಲಿಟರಿಯಲ್ಲಿ ಕಲಿಸಿರುತ್ತಾರೆ, ಗಿಳಿಯ ಹಾಗೆ ಅದನ್ನೇ ಒಪ್ಪಿಸಿದೆ. "ಇಲ್ಲ ಕಣವ್ವ. ಒಂದ್ ತೊಟ್ಟು ಕಣ್ಣೀರು ಹಾಕ್ನಿಲ್ಲ. ಸಿಂಹದಂಗೆ ಹೋದ."

 "ಅವ್ನೇ ಅಳ್ನಿಲ್ವಂತೆ. ನಾನ್ಯಾಕ್ ಅಳ್ಲಿ," ಎಂದು ಅವಳು ಬಾಯಿ ಮುಚ್ಚಿದಳು. ಎದ್ದು, ಎಲ್ಲಿ ಹೆಬ್ಬೆಟ್ಟು ಒತ್ತಬೇಕು ತೋರಿಸು ಎಂದಳು. ಒತ್ತಿ, ಬೆರಳಿನ ಮಸಿಯನ್ನು ಗೋಡೆಗೆ ಒರೆಸಿದಳು.

ನಾನು ಕೆಲಸ ಬಿಟ್ಟು ಬಂದು ರೇಷ್ಮೆ ಬೇಸಾಯ ಹಿಡಿದ ಮೇಲೆ, ಆ ಬೇಸಿಗೆ ಕಳೆದು ಹದಿನೆಂಟು ವರ್ಷಕ್ಕೆ, ರಾಮನಗರದ ಮಾರ್ಕೆಟ್ಟಿನಲ್ಲಿ ರೇಷ್ಮೆ ಗೂಡು ಮಾರಲು ಬಂದಿದ್ದ ಆ ಊರಿನ ಒಬ್ಬ ಸಿಕ್ಕಿದ. ಆ ಅವ್ವ ಹೆಂಗವ್ಳೆ ಎಂದು ಕೇಳಿದೆ. "ಅವ್ಳಾ? ಗಟ್ಟಿಯಾಗವ್ಳೆ. ಅವತ್ತಿಂದ ಒಂದ್ ದಿನ ಅತ್ತಿಲ್ಲ ಕಣ್ಲಾ. ಒಡಹುಟ್ಟಿದ ತಂಗಿ ಸತ್ತಾಗ್ಲೂ ಕಲ್ಲಂಗೆ ಕೂತಿದ್ಲು. ಜನ ಅವ್ಳನ್ನ ನೋಡುದ್ರೆ ಹೆದ್ರುಕೋತಾರೆ," ಎಂದ. ಅಂದು ಗೂಡಿಗೆ ಎಷ್ಟು ರೇಟು ಬಂತೋ ನನಗೆ ನೆನಪಿಲ್ಲ. ಮಾರನೆಯ ದಿನ ಬಸ್ಸು ಹತ್ತಿದೆ.

ಜಗಲಿಯ ಮೇಲೆ ಕೂತು ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ನನ್ನನ್ನು ಕೂಡಲೇ ಗುರುತಿಸಿ ಬಾರಪ್ಪ ಎಂದಳು. ನಾನು ನೀರನ್ನೂ ಮುಟ್ಟದೆ ಹೇಳಿಬಿಟ್ಟೆ. "ಅವ್ವ, ಅವತ್ತು ಸುಳ್ಳು ಯೋಳ್ದೆ. ಅವ್ನು ಅತ್ತ. ನಿನ್ನ ಕರ್ದ."

ಮೊರ ನಿಂತಿತು. ಅವಳು ಸಿಟ್ಟಾಗುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಎಷ್ಟ್ ಸಲ ಕರ್ದ?"

"ಎಲ್ಡು ಸಲ ಕಣವ್ವ."

"ಎಲ್ಡು ಸಲ," ಎಂದಳು. ಮೊರವನ್ನು ಪಕ್ಕಕ್ಕಿಟ್ಟಳು. ಆಮೇಲೆ ಅಳಲು ಶುರುಮಾಡಿದಳು. ಸತ್ತ ಮಗನ ಹೆಸರು ಹಿಡಿದು, ಬಂದೆ ಕಣ್ಲಾ, ಬಂದೆ ಕಣ್ಲಾ ಎಂದು ಕೂಗಿ ಕೂಗಿ ಅತ್ತಳು. ಅಕ್ಕಪಕ್ಕದವರು ಓಡಿಬಂದರು. ಮುಖದ ತುಂಬ ಸಿಡುಬಿನ ಕಲೆಯಿದ್ದ ಒಬ್ಬ ಯುವಕ ಹೊಲದಿಂದ ಬಂದು, ನಮ್ಮಜ್ಜಿಗೆ ಏನ್ಲಾ ಮಾಡ್ದೆ ಎಂದು ನನ್ನ ಅಂಗಿ ಹಿಡಿದ. ಬಿಡಿಸಿಕೊಳ್ಳಲಿಲ್ಲ ನಾನು. ಸಂಜೆಯ ಬಸ್ಸಿನವರೆಗೂ ಅಲ್ಲೇ ಕೂತಿದ್ದೆ.

ಎರಡು ಸಲ ಅಂದಿದ್ದೆ. ಅವನು ಕರೆಯಲು ಶುರುಮಾಡಿದ್ದು ಕತ್ತಲಾದಾಗ, ನಿಲ್ಲಿಸಿದ್ದು ಬೆಳಕು ಹರಿದ ಮೇಲೆ.