ಅಪ್ಪನ ಕಿವಿಯ ಅಳತೆ

ಅತ್ತಿಗೆ ನಮ್ಮ ಮನೆಗೆ ಬರುವ ಹೊತ್ತಿಗೆ ಅಪ್ಪನ ಕಿವಿ ಪೂರ್ತಿ ಮಂದವಾಗಿತ್ತು. ಅರಚಿದರೆ ಮಾತ್ರ ಕೇಳುತ್ತಿತ್ತು. ಸೊಸೆಯಾದವಳು ಮಾವನ ಮುಂದೆ ದನಿ ಏರಿಸುವುದುಂಟೇ? ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದರೂ ಅಪ್ಪ ಅವಳ ದನಿ ಕೇಳಿರಲಿಲ್ಲ. ಅವಳು ಪಿಸುಗುಟ್ಟುವುದು, ನಾನು ಅಪ್ಪನ ಹತ್ತಿರ ಅರಚುವುದು, ಇದೇ ನನ್ನ ಉದ್ಯೋಗ. ನನಗೆ ಮದುವೆ ಗೊತ್ತಾದಾಗ ಹೊಸ ಮನೆಯ ಚಿಂತೆಗಿಂತ ಇವರಿಬ್ಬರ ಚಿಂತೆಯೇ ಹೆಚ್ಚಾಯಿತು.

ಕಿವಿಗಿಟ್ಟರೆ ಮೆಲುಮಾತೂ ಕೇಳುವಂತೆ ರಾಯಕೋಟೆಯ ತಗಡಿನ ಕೆಲಸದವನು ಮಾಡಿಕೊಟ್ಟ ಕಿವಿಕಹಳೆಯೊಂದಿತ್ತು. ತುದಿ ಕಿವಿ ಗೀರುತ್ತದೆಂದು ಅಪ್ಪ ಅದನ್ನು ಅಟ್ಟಕ್ಕೆಸೆದಿದ್ದ. "ಅಪ್ಪಯ್ಯನ ಕಿವಿಗೇ ಸರ್ಯಾಗಿ ಕೂರೋ ತುದಿ ನಾನ್ ಮಾಡ್ತೀನಿ" ಎಂದ ಅಣ್ಣ.

ಯುದ್ಧದ ಕಾಲದಲ್ಲಿ ಬೆಂಗಳೂರಿನ ಗುಂಡಿ ಕಾರ್ಖಾನೆಯಲ್ಲಿದ್ದವನು ಅಣ್ಣ. ಅಲ್ಲಿಂದ ಹಳೆಯ ಕೈಯಂತ್ರ ತಂದು ಕೊಟ್ಟಿಗೆಯಲ್ಲಿ ಹೂಡಿ ಅಂಗಿ ಗುಂಡಿ ಮಾಡುತ್ತಿದ್ದ. ಯಂತ್ರವೆಂದರೆ ಚಕ್ಕುಲಿ ಒರಳಿನ ದೊಡ್ಡಣ್ಣ. ಕಬ್ಬಿಣದ ಕೊಳವೆಗೆ ಪ್ಲಾಸ್ಟಿಕ್ ಕಾಳು ಸುರಿದು, ಇದ್ದಿಲ ಕಾವಿನಲ್ಲಿ ಕರಗಿಸಿ, ಹಿಡಿ ಜಗ್ಗಿದರೆ ಪಾಕ ಎರಡು ಹೋಳಿನ ಅಚ್ಚಿನೊಳಗೆ ನುಗ್ಗುತ್ತದೆ. ಆರಿದ ಮೇಲೆ ಹೋಳು ಬಿಡಿಸಿದರೆ ಗುಂಡಿ.

ನಾಟ್ರಾಂಪಾಳ್ಯದ ಜೇನುಮೇಣವನ್ನು ಬೆಚ್ಚಗೆ ಮಾಡಿ ಅಪ್ಪನ ಕಿವಿಗೆ ಒತ್ತಿ ಅಳತೆ ತೆಗೆದ. ಅದೇ ಆಕಾರವನ್ನು ಎರಡು ಕಬ್ಬಿಣದ ತುಂಡುಗಳಲ್ಲಿ ಹತ್ತು ದಿನ ಕೂತು ಕೊರೆದ. ಸದ್ದು ಹಾಯಲು ತೂತು ಬೇಕಲ್ಲ, ನಡುವೆ ಒಂದು ಮೊಳೆ ನಿಲ್ಲಿಸಿದ. ಹಿಡಿ ಜಗ್ಗಿದ. ಬಂದ ತುದಿಯನ್ನು ಕಹಳೆಗೆ ಸಿಕ್ಕಿಸಿ ಕಿವಿಗಿಟ್ಟರೆ ಪುಳಕ್ಕನೆ ಜಾರಿ ಬಿತ್ತು. ಮತ್ತೆ ಮಾಡಿದ, ಮತ್ತೆ ಬಿತ್ತು.

"ಅಪ್ಪಯ್ಯನ ಕಿವೀನೇ ದೊಡ್ದಾಗೋಗದೆ" ಎಂದು ರೇಗಿದ ಮಹಾಶಯ.

ಅತ್ತಿಗೆ ನನ್ನನ್ನು ಒಳಕ್ಕೆ ಕರೆದಳು. "ಸಂಡಿಗೆ ಒಣಗಿದ್ರೆ ಸಣ್ಣಗಾಗಲ್ವಾ? ಇದೂ ಆರಿದ್ರೆ ಕುಗ್ತದೆ. ಅಚ್ಚನ್ನ ವಸಿ ಹಿಗ್ಗಿಸಕ್ಕೆ ಹೇಳು."

ನಾನು ಕೊಟ್ಟಿಗೆಗೆ ಕೇಳುವಂತೆ ಅರಚಿದೆ. ಗುಂಡಿ ಕೂದಲೆಳೆಯಷ್ಟು ಚಿಕ್ಕದಾದರೆ ಯಾರೂ ಕೇಳುವವರಿಲ್ಲ. ಅದಕ್ಕೇ ಅಣ್ಣನಿಗೆ ಇದು ಹೊಳೆದಿರಲಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಅರ ಹಿಡಿದು ಅಚ್ಚಿನ ಒಳಮೈ ಉಜ್ಜಿದ. ಈ ಸಲದ ತುದಿ ಅಪ್ಪನ ಕಿವಿಯಲ್ಲಿ ಹದವಾಗಿ ಕೂತಿತು.

ಮಧ್ಯಾಹ್ನದ ಊಟಕ್ಕೆ ಅಪ್ಪ ಕಹಳೆ ಇಟ್ಟುಕೊಂಡೇ ಕೂತ. ನಾನು ಅದರ ಬಾಯಿಯನ್ನು ಅತ್ತಿಗೆಯ ಕಡೆ ತಿರುಗಿಸಿದೆ. ಅವಳು ಸೌಟು ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು. ಆ ಗಳಿಗೆಯಲ್ಲಿ ಅವಳು ನನಗೆ ಎಷ್ಟು ಮುದ್ದಾಗಿ ಕಂಡಳೋ ಹೇಳಲಾರೆ.

"ಮಾವ, ಸಾರಿಗೆ ಉಪ್ಪು ಸಾಕಾ?" ಎಂದಳು, ತನ್ನ ಎಂದಿನ ಮೆಲುದನಿಯಲ್ಲೇ.

ಅಪ್ಪ ಮುದ್ದೆ ಮುರಿಯುತ್ತಿದ್ದವನು ನಿಲ್ಲಿಸಿದ. ಕಣ್ಣು ತುಂಬಿ ಬಂತು.

"ಜಾಸ್ತಿ ಕಣವ್ವ. ನೀನು ಬಂದಾಗಿಂದ್ಲೂ ಜಾಸ್ತೀನೇ."

"ಮತ್ತೆ ಇಷ್ಟು ವರ್ಸ ಯಾಕೆ ಹೇಳ್ನಿಲ್ಲ?" ಎಂದು ಅಭ್ಯಾಸಬಲದಿಂದ ಅರಚಿದೆ ನಾನು.

"ನಾನೇನೋ ಅಂದ್ಬುಡ್ತಿದ್ದೆ. ತಿರುಗಿ ಈ ಹೆಣ್ಮಗಳು ಏನಂದ್ರೂ ನಂಗೆ ಕೇಳ್ತಿರ್ಲಿಲ್ಲ. ಒಬ್ರೇ ಮಾತಾಡಿದ್ರೆ ನ್ಯಾಯವಾ?"