ಖರೇ ಬೈದ ಹಾಡು

ಅಣ್ಣನ ಮೇಲೆ ಸೇಡು ತೀರಿಸಿಕೊಳ್ಳಬೇಕೆಂದು ನಾನು ಒಂದು ಹಾಡು ಕಟ್ಟಿದೆ. ಅಣ್ಣನಿಗೆ ಬಿದ್ದ ಪೆಟ್ಟು ಸಣ್ಣದು. ದೊಡ್ಡ ಪೆಟ್ಟು ಬಿದ್ದದ್ದು ನನ್ನ ತಂಗಿಗೆ, ಮತ್ತು ನನಗೆ ಯಾವ ಕೇಡನ್ನೂ ಮಾಡದ ಒಬ್ಬ ಹೆಂಗಸಿಗೆ. ಇದನ್ನು ಬರೆಯುವಾಗಲೂ ಅಣ್ಣನ ಮೇಲಿನ ಸಿಟ್ಟು ಹೋಗಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಶ್ಚಾತ್ತಾಪಪಟ್ಟು ಮೆತ್ತಗಾದವಳ ಮಾತು ಇದು ಎಂದು ಯಾರೂ ತಿಳಿಯಬಾರದು.

ನಾನು ಏಳನೆಯ ಇಯತ್ತೆಯವರೆಗೆ ಓದಿದವಳು. ತವರು ಬಸವಕಲ್ಯಾಣ. ಅಣ್ಣ ಕಾಲೇಜು ಕಲಿಯಲು ಕಲಬುರಗಿಗೆ ಹೋದ ವರ್ಷ ಮನೆಯ ಎಮ್ಮೆಗಳಿಗೆ ಒಬ್ಬ ಆಳು ಬೇಕಾಯಿತು. ಆ ಆಳು ನಾನಾದೆ. ಮುಂದೆ ಹುಮನಾಬಾದಿಗೆ ಮದುವೆ ಮಾಡಿಕೊಟ್ಟರು. ಇಲ್ಲಿ ಮನೆಯಲ್ಲೇ ಮಷೀನು ಇಟ್ಟುಕೊಂಡು ಬ್ಲೌಸು ಹೊಲಿಯುತ್ತೇನೆ. ಅಣ್ಣ ಬಸವಕಲ್ಯಾಣದಲ್ಲಿ ಕಾಲೇಜು ಮಾಸ್ತರನಾದ, ನಾಲ್ಕು ಮಂದಿ ಕರೆದು ಶಾಲು ಹೊದಿಸುವ ಸಾಹಿತಿಯಾದ. ತಂಗಿಯನ್ನು ಕೊಹಿನೂರದ ಒಕ್ಕಲುತನದ ಮನೆಗೆ ಕೊಟ್ಟರು.

ನಮ್ಮ ಅವ್ವ ಹಾಡುಗಾರ್ತಿ. ಮದುವೆ ಮನೆಯಲ್ಲಿ ಅವಳಿಲ್ಲದೆ ಬೀಗರ ಹಾಡು ನಡೆಯುತ್ತಿರಲಿಲ್ಲ. ಬೀಗರು ಊಟಕ್ಕೆ ಕೂತಾಗ ಎದುರಿನ ಹೆಣ್ಣುಮಕ್ಕಳು ಅವರನ್ನು ಹಾಡಿನಲ್ಲೇ ಬೈಯುವುದು, ಬೈಸಿಕೊಂಡವರು ನಗುತ್ತ ಉಣ್ಣುವುದು ನಮ್ಮ ಕಡೆಯ ರಿವಾಜು. ಅವ್ವನಿಂದ ನನಗೆ ಹಾಡು ಕಟ್ಟುವುದು ಬಂತು, ತಂಗಿಗೆ ಕಂಠ ಬಂತು. ನನ್ನ ದನಿ ಒಡೆದ ಮಡಕೆ. ಹಾಗಾಗಿ ನಾನು ಕಟ್ಟುವುದು, ಅವಳು ಹಾಡುವುದು ಮೊದಲಿನಿಂದಲೂ ನಡೆದುಬಂದಿತ್ತು.

ಅವ್ವ ಒಂದು ಕಟ್ಟಳೆಯನ್ನೂ ಕಲಿಸಿದ್ದಳು. "ಬೀಗರ ಹಾಡಿನಾಗ ಸುಳ್ಳು ಬೈಬೇಕು, ಖರೇ ಬೈಬಾರದು. ಬೀಗ ತೆಳ್ಳಗ ಇದ್ರ ಡೊಳ್ಳ ಹೊಟ್ಟಿ ಅನ್ನು. ಬೀಗತಿ ಬೆಳ್ಳಗ ಇದ್ರ ಹಂಚಿನ ತಳ ಅನ್ನು. ಸುಳ್ಳು ಇದ್ರ ನಗ್ತಾರ. ಖರೇ ಇದ್ರ ಉಣ್ಣೂದು ಬಿಟ್ಟು ಏಳ್ತಾರ."

ಈಗ ಅಣ್ಣನ ಪುಸ್ತಕದ ಮಾತು.

ಅವ್ವ ತೀರಿಕೊಳ್ಳುವ ಮೊದಲಿನ ವರ್ಷ ಅಣ್ಣ ಮೊಬೈಲು ಹಿಡಿದು ನಮ್ಮೆದುರು ಕೂತ. "ಅವ್ವನ ಹಾಡು ಉಳೀಬೇಕು" ಎಂದ. ಅವ್ವ ಹಾಡಿದಳು. ಅವಳು ದಣಿದಾಗ ನಾನು ಸಾಲು ಹೇಳಿದೆ, ತಂಗಿ ಹಾಡಿದಳು. ಅವುಗಳಲ್ಲಿ ನಾನು ಕಟ್ಟಿದವೂ ಇದ್ದವು. ಅದು ಅಣ್ಣನಿಗೆ ಗೊತ್ತಿತ್ತು. ತಂಗಿ ಗಂಡನ ಮನೆಗೆ ಹೋದ ದಿನ ಮಷೀನಿನ ಮುಂದೆ ಕೂತು ಕಟ್ಟಿದ್ದೊಂದು ಹೀಗಿತ್ತು:

ಕೊಹಿನೂರ ಬಸ್ಸು ಧೂಳೆಬ್ಬಿಸಿ ಹೋಯ್ತ
ಧೂಳಿನಾಗ ತಂಗಿ ಕೈಯಷ್ಟ ಕಂಡೀತ

ಪುಸ್ತಕದ ಸಮಾರಂಭಕ್ಕೆ ನಾನೂ ಹೋಗಿದ್ದೆ. ವೇದಿಕೆಯ ಮೇಲೆ ಅಣ್ಣನಿಗೆ ಹಾರ ಬೀಳುತ್ತಿತ್ತು. ಹಿಂದಿನ ಕುರ್ಚಿಯಲ್ಲಿ ಕೂತು ಪುಸ್ತಕ ತೆರೆದೆ. ನನ್ನ ಹಾಡು ಇತ್ತು. ಕೆಳಗೆ "ಬಹು ಪ್ರಾಚೀನ ಹಾಡು, ಕಟ್ಟಿದವರು ತಿಳಿಯದು" ಎಂದಿತ್ತು. ಪ್ರಾಚೀನ ಹಾಡಿನಲ್ಲಿ ಬಸ್ಸು ಇರಬಾರದಲ್ಲ, ಅದಕ್ಕೆ ಬಸ್ಸು ತೆಗೆದು ಬಂಡಿ ಹೂಡಿದ್ದ.

ಮಂದಿ ಚಹಾಕ್ಕೆ ಎದ್ದಾಗ ಹತ್ತಿರ ಹೋದೆ. "ಅಣ್ಣಾ, ಇದು ನಾ ಕಟ್ಟಿದ್ದು."

"ಹೌದಲ್ಲ, ನೀವ್ ಹಾಡಿದ್ರಿ. ಮುನ್ನುಡಿಯಾಗ ಮನಿ ಹೆಣ್ಣಮಕ್ಕಳಿಗಿ ಋಣಿ ಅಂತ ಬರ್ದೀನಿ."

"ಹಾಡಿದ್ದಲ್ಲ, ಕಟ್ಟಿದ್ದು. ಮತ್ತ ಬಸ್ ಎಲ್ಲಿ ಹೋಯ್ತು?"

"ಜಾನಪದದಾಗ ಬಸ್ ಬರೂದಿಲ್ಲವಾ."

"ಆಕಿ ಬಸ್ಸಿನಾಗೇ ಹೋದಾಳ. ನೀನ ಟಾವೆಲ್ ಒಗದು ಸೀಟ್ ಹಿಡಿದಿದ್ದಿ."

ಅಣ್ಣ ನಕ್ಕ. ಪಕ್ಕದಲ್ಲಿ ನಿಂತವರಿಗೂ ಕೇಳುವ ಹಾಗೆ ಹೇಳಿದ: "ಹುಚ್ಚಿ, ಹೆಣ್ಣಮಕ್ಕಳ ಹಾಡಿಗಿ ಕರ್ತೃ ಇರ್ತಾರೇನು? ಹಳ್ಳದ ನೀರಿಗಿ ಮಾಲಕ ಇರ್ತಾನೇನು? ಲೇಖಕ ಅಂದ್ರ ಅದು ಬ್ಯಾರೇನೇ ಮಾತು."

ಅವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗುವೇ ಒಳಗೆ ಕುಳಿತು ಹುಳಿಯಿತು. ಬಟ್ಟೆ ಕತ್ತರಿಸುವಾಗ, ಗುಂಡಿ ಹಚ್ಚುವಾಗ, ರೊಟ್ಟಿ ಬಡಿಯುವಾಗ ಅವನ ಮಾತಿಗೆ ಉತ್ತರ ಹುಡುಕುತ್ತಿದ್ದೆ. ಬರೆಯುವವಳು ಎಂದು ಯಾರೂ ಕರೆಯದಿದ್ದರೂ ನನಗೆ ನಡೆಯುತ್ತಿತ್ತು. ಅಲ್ಲವೆಂದು ಹತ್ತು ಮಂದಿಯ ಮುಂದೆ ನಕ್ಕು ಹೇಳಿದ್ದು ನಡೆಯಲಿಲ್ಲ.

ಉತ್ತರ ಅಣ್ಣನ ಬಾಯಿಂದಲೇ ಬಂತು. ಮಗಳಿಗೆ ಹುಮನಾಬಾದಿನ ದೊಡ್ಡ ಮನೆತನದ ಸಂಬಂಧ ಕೂಡಿಬಂದಿತ್ತು. ಆ ಬೀಗರ ಬಗ್ಗೆ ಅವನಿಗೆ ಎಲ್ಲಿಲ್ಲದ ಹೆಮ್ಮೆ. ನಮ್ಮ ಮನೆಗೆ ಬಂದವನು ಅವರ ಮನೆಯ ಮಹಡಿ, ಅಂಗಡಿ ಎಲ್ಲವನ್ನೂ ಬಣ್ಣಿಸಿ, ಕೊನೆಗೆ ದನಿ ಇಳಿಸಿದ: "ಬೀಗತಿಗಿ ಒಮ್ಮೆ ಗಂಡ ದೂಡಿದ್ದನಂತ. ಚಿಟಗುಪ್ಪದಾಗ ತವರಿನಾಗ ಕೂತು ಮಂದಿಗಿ ರೊಟ್ಟಿ ಬಡಿದು ಮಾರ್‍ಯಾಳಂತ. ಆಮ್ಯಾಲ ಕರ್ಕೊಂಡ ಬಂದ್ನಂತ. ಈಗ ನೋಡು ಹ್ಯಾಂಗ ಅದಾರ, ರಾಜಾ ರಾಣಿ! ಯಾರ ಮುಂದ ಅನಬ್ಯಾಡ ಮತ್ತ."

"ನಾ ಯಾರ ಮುಂದ ಅಂತೀನಿ?" ಎಂದೆ.

ಅವನು ಮೆಟ್ಟಿಲು ಇಳಿಯುವಷ್ಟರಲ್ಲಿ ಸಾಲು ಹುಟ್ಟಿತ್ತು.

ಬೀಗತಿ ಬಂದಾಳ, ಬಂಗಾರ ಹಾಕ್ಯಾಳ
ಗಂಡ ದೂಡಿದಾಗ ಚಿಟಗುಪ್ಪದಾಗ
ಮಂದಿಗಿ ರೊಟ್ಟಿ ಬಡಿದಾಳ

ಬೀಗತಿಯ ಮೇಲೆ ನನಗೆ ಯಾವ ಹಗೆಯೂ ಇರಲಿಲ್ಲ. ಅವಳ ಬ್ಲೌಸನ್ನೂ ನಾನೇ ಹೊಲಿದುಕೊಟ್ಟಿದ್ದೆ. ನನಗೆ ಬೇಕಾದದ್ದು ಒಂದೇ. ಈ ಮಾತು ಬೀಗರ ಕಿವಿಗೆ ಬಿದ್ದರೆ, ಮನೆಯ ಗುಟ್ಟು ಆಡಿದವನು ಅಣ್ಣನೇ ಎಂದು ಗೊತ್ತಾಗುತ್ತದೆ, ಅವರ ಮುಂದೆ ಅವನ ತಲೆ ತಗ್ಗುತ್ತದೆ. ಬೀಗತಿ ನನಗೆ ಆ ಹೊತ್ತಿನಲ್ಲಿ ಮನುಷ್ಯಳಾಗಿ ಕಾಣಲಿಲ್ಲ. ಕೈಗೆ ಸಿಕ್ಕ ಕಲ್ಲಾಗಿ ಕಂಡಳು.

ಹೋಳಿಗೆಯ ಸಾಲು, ಡೊಳ್ಳು ಹೊಟ್ಟೆಯ ಸಾಲು, ಮೂಗಿನ ಸಾಲು, ಹೀಗೆ ಸುಳ್ಳು ಬೈಗುಳಗಳ ನಡುವೆ ಇದನ್ನು ಸೇರಿಸಿ ತಂಗಿಗೆ ಫೋನಿನಲ್ಲಿ ಹೇಳಿ ಕಳಿಸಿದೆ. ಅದು ಖರೇ ಎಂದು ಹೇಳಲಿಲ್ಲ. ಅವಳು ನಗುತ್ತ ತಿರುಗಿ ಫೋನು ಮಾಡಿದ್ದಳು. "ಅಕ್ಕಾ, ರೊಟ್ಟಿದು ಭಾರೀ ಅದ. ಅಷ್ಟ ಶ್ರೀಮಂತ್ರಿಗಿ ರೊಟ್ಟಿ ಬಡಿದಾಳ ಅನ್ನೂದು! ಹೊಟ್ಟಿ ಹಿಡ್ಕೊಂಡು ನಗ್ತಾರ ನೋಡು."

ಹುಮನಾಬಾದಿನ ಮಂಗಲ ಕಾರ್ಯಾಲಯ. ಬೀಗರ ಪಂಕ್ತಿ ಕೂತಿತ್ತು. ತಂಗಿ ದನಿ ಎತ್ತಿದಳು, ನಾವು ಹಿಂದೆ ಸೊಲ್ಲು ಹಿಡಿದೆವು. ಡೊಳ್ಳು ಹೊಟ್ಟೆಗೆ ನಕ್ಕರು, ಮೂಗಿಗೆ ನಕ್ಕರು. ಹುಡುಗಿಯರು ಮೊಬೈಲು ಎತ್ತಿ ವಿಡಿಯೋ ಹಿಡಿದಿದ್ದರು. ರೊಟ್ಟಿಯ ಸಾಲು ಬಂತು. ಕೆಲವರು ಅಭ್ಯಾಸದಂತೆ ನಕ್ಕು, ಪಕ್ಕದವರ ಮುಖ ನೋಡಿ ನಿಲ್ಲಿಸಿದರು. ಬೀಗತಿಯ ಕೈ ಎಲೆಯ ಮೇಲೆ ನಿಂತಿತು. ಮುರಿದ ಹೋಳಿಗೆಯನ್ನು ಹಾಗೆಯೇ ಇಟ್ಟು ಎದ್ದು, ಕೈ ತೊಳೆಯಲು ಹೋದವಳು ಪಂಕ್ತಿಗೆ ಮರಳಲಿಲ್ಲ.

ಅವಳ ಗಂಡ ಅಣ್ಣನ ಕಡೆ ತಿರುಗಿ ಹೇಳಿದ: "ಬೀಗರ, ನಿಮ್ಮ ಮನ್ಯಾಗ ಬಾಯಿ ಜರಾ ಉದ್ದ ಅವ ಬಿಡ್ರಿ."

ಅಣ್ಣನ ಮುಖ ಸುಣ್ಣವಾಯಿತು. ಅದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಅಣ್ಣ ನಮ್ಮನ್ನು ಅಡುಗೆಯ ಕೋಣೆಗೆ ಕರೆದ. ತಂಗಿಯನ್ನೇ ನೋಡುತ್ತ ಕೇಳಿದ: "ಈ ಹಾಡು ಯಾರು ಕಟ್ಟಿದ್ರು?"

ತಂಗಿ ನನ್ನ ಕಡೆ ನೋಡಿದಳು. ನಾನು ಹೇಳಲಿ ಎಂದು ಕಾದಳು. ವರ್ಷಗಟ್ಟಲೆ ನಾನು ಕಾದ ಪ್ರಶ್ನೆ ಅದೇ ಆಗಿತ್ತು. ಯಾರು ಕಟ್ಟಿದ್ದು ಎಂದು ಯಾರಾದರೂ ಕೇಳಲಿ ಎಂದೇ ನಾನು ಉರಿದಿದ್ದೆ. ಕೇಳಿದಾಗ ನನ್ನ ಬಾಯಿಂದ ಬಂದದ್ದು ಇದು:

"ಹಳೇ ಹಾಡು ಅಣ್ಣಾ. ಹೆಣ್ಣಮಕ್ಕಳ ಹಾಡಿಗಿ ಕರ್ತೃ ಎಲ್ಲಿರ್ತಾರ?"

"ಹಳೇ ಹಾಡಿನಾಗ ಚಿಟಗುಪ್ಪ ಹ್ಯಾಂಗ ಬಂತು?"

"ಹಾಡಾಕಿ ಊರು ಬದಲಿ ಮಾಡ್ಕೊತಾಳ."

ಹಾಡಿದವಳು ತಂಗಿ. ಆ ಒಂದು ಮಾತಿನಿಂದ ತಪ್ಪು ಅವಳ ತಲೆಗೆ ಕೂತಿತು. ಅಣ್ಣ ನನಗೆ, "ನೀ ಆಕಿ ಮುಂದ ಅನಬಾರದಿತ್ತು" ಎಂದಷ್ಟೇ ಅಂದ. ಅಂಥ ಸಾಲು ನಾನು ಕಟ್ಟಬಲ್ಲೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ತಂಗಿಗೆ ಅಂದದ್ದು ಬೇರೆ: "ಇನ್ನ ನನ್ನ ಹೊಸ್ತಿಲ ತುಳೀಬ್ಯಾಡ."

ಅವಳು ನನ್ನ ಹೆಸರು ಹೇಳಬಹುದಿತ್ತು. ಹೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು.

ನಾಗರ ಪಂಚಮಿ ಬಂತು. ಅಣ್ಣ ಪ್ರತಿ ವರ್ಷ ಇಬ್ಬರು ತಂಗಿಯರಿಗೂ ಉಂಡಿ ಕಳಿಸುತ್ತಿದ್ದ. ಆ ಸಲ ಡಬ್ಬಿ ನನ್ನ ಮನೆಗಷ್ಟೇ ಬಂತು. ಸಂಜೆ ತಂಗಿ ಫೋನು ಮಾಡಿದಳು.

"ಉಂಡಿ ಬಂದಾವೇನ ಅಕ್ಕಾ?"

"ಬಂದಾವ."

"ಯಾವ ಉಂಡಿ?"

"ಶೇಂಗಾದ್ದು."

"ತಿನ್ನು."

ಫೋನು ಇಟ್ಟುಬಿಟ್ಟಳು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಆ ಉಂಡಿಗಳನ್ನು ನಾನು ತಿಂದೆ. ತಿನ್ನುತ್ತ ಅಣ್ಣನನ್ನೇ ಶಪಿಸಿದೆ, ಏಕೆಂದರೆ ನನ್ನನ್ನು ಶಪಿಸಿಕೊಳ್ಳುವುದು ಅಷ್ಟು ಸುಲಭವಿರಲಿಲ್ಲ. ಆದರೆ ಒಂದು ಮಾತು ತಲೆಯಿಂದ ಹೋಗಲಿಲ್ಲ. ಹಾರ ಬೀಳುವಾಗ ಹಾಡು ನನ್ನದು, ಬೈಗುಳ ಬೀಳುವಾಗ ಹಾಡು ಯಾರದೂ ಅಲ್ಲ ಎಂದರೆ, ಅಣ್ಣ ನನ್ನ ಬಗ್ಗೆ ಅಂದದ್ದು ಸರಿಯೇ ಆಯಿತು. ನಾನು ಲೇಖಕಿಯಲ್ಲ. ಅವನು ಕದ್ದ, ನಾನು ಬಿಸಾಕಿದೆ. ಅವನು ಗೆಲ್ಲುವುದು ನನಗೆ ಬೇಕಿರಲಿಲ್ಲ. ಮುಂದೆ ನಾನು ಮಾಡಿದ್ದರಲ್ಲಿ ತಂಗಿಯ ಮೇಲಿನ ಪ್ರೀತಿ ಎಷ್ಟು, ಅಣ್ಣನ ಮೇಲಿನ ಹಟ ಎಷ್ಟು ಎಂದು ನನಗೆ ಬಿಡಿಸಿ ಹೇಳಲು ಬಾರದು.

ಅಣ್ಣನ ಮಗಳು ಬಸುರಿಯಾದಳು. ಬಸವಕಲ್ಯಾಣದ ಮನೆಯಲ್ಲಿ ಕುಬಸದ ಕಾರ್ಯ. ಹಸಿರು ಬ್ಲೌಸು ಹೊಲಿದುಕೊಂಡು ಹೋದೆ. ಬೀಗತಿ ಚಾಪೆಯ ಮೇಲೆ ಕೂತಿದ್ದಳು, ಯಾರೊಂದಿಗೂ ಹೆಚ್ಚು ಮಾತಿಲ್ಲ. ಉಡಿ ತುಂಬಿದ ಮೇಲೆ ಹೆಣ್ಣುಮಕ್ಕಳು ಗಂಡನ ಹೆಸರು ಸೇರಿಸಿ ಒಡಪು ಹೇಳುವ ಆಟ ಶುರುವಾಯಿತು. ಒಬ್ಬೊಬ್ಬರೇ ಪ್ರಾಸ ಕೂಡಿಸಿ ಹೇಳಿ ನಾಚಿದರು. ಸರದಿ ನನಗೆ ಬಂದಾಗ ಬಸುರಿ ಹುಡುಗಿಯೇ ಒತ್ತಾಯ ಮಾಡಿದಳು: "ಅತ್ತಿ, ನೀ ಹೇಳಲಿಕ್ಕಿ ಬೇಕು!"

ನಾನು ಎದ್ದು ನಿಂತು ಬೀಗತಿಯ ಕಡೆ ತಿರುಗಿದೆ. "ಅಕ್ಕಾರ, ಮದಿವ್ಯಾಗಿನ ರೊಟ್ಟಿ ಹಾಡು ನನ್ನ ತಂಗಿ ಕಟ್ಟಿದ್ದಲ್ಲ. ಅದು ಖರೇ ಅಂತನೂ ಆಕಿಗಿ ಗೊತ್ತಿರಲಿಲ್ಲ. ನಾ ಕಟ್ಟಿದ್ದು."

ಬಾಗಿಲಲ್ಲಿ ನಿಂತಿದ್ದ ಅಣ್ಣ ಒಳಗೆ ಬಂದ. "ತಂಗಿನ ಉಳಸಾಕ ಹೇಳಾಕತ್ತಾಳ್ರಿ. ಈಕಿಗಿ ಎಲ್ಲಿ ಬರ್ತದ? ಏಳನೇದ್ದಕ್ಕ ಸಾಲಿ ಬಿಟ್ಟಾಕಿ."

"ಬಿಟ್ಟಾಕಿ ಅಲ್ಲ, ಬಿಡಿಸಿದ್ರಿ," ಎಂದೆ. ಆಮೇಲೆ ಒಡಪು ಹೇಳಿದೆ. ಅದು ಮೊದಲೇ ಕಟ್ಟಿ ತಂದದ್ದಲ್ಲ. ಅಣ್ಣನ ಮಾತೇ ಅದನ್ನು ಎಳೆದು ಹೊರಗೆ ತಂದಿತು.

ತಂಗಿ ಹೋದದ್ದು ಬಸ್ಸಿನಾಗ, ಅಣ್ಣನ ಪುಸ್ತಕದಾಗ ಬಂಡಿ
ಬೀಗತಿಗಿ ಬೈದಾಕಿ ತಂಗಿ ಅಲ್ಲ, ಬೈದಾಕಿ ನಾನು, ಭಂಡಿ
ಎರಡೂ ಹಾಡು ಕಟ್ಟಿದಾಕಿ…

ಗಂಡನ ಹೆಸರು ಬರಬೇಕಾದ ಜಾಗದಲ್ಲಿ ನನ್ನ ಹೆಸರು ಹೇಳಿದೆ. ಅಪ್ಪ ಇಟ್ಟ ಹೆಸರು, ಪೂರ್ತಿ.

ಯಾರೋ ಮುದುಕಿ, "ಎವ್ವಾ, ತನ್ನ ಹೆಸರ ತಾನ ಹೇಳ್ಕೊಂಡಳಲ್ಲ!" ಎಂದು ಬಾಯಿಗೆ ಸೆರಗು ಹಿಡಿದಳು. ಅಣ್ಣನ ಕಾಲೇಜಿನ ಇಬ್ಬರು ಮಾಸ್ತರರ ಹೆಂಡಂದಿರೂ ಅಲ್ಲಿದ್ದರು. ಒಬ್ಬಳು ಇನ್ನೊಬ್ಬಳ ಕಡೆ ನೋಡಿ, "ಬಂಡಿ ಅಂದ್ರ ಆ ಪುಸ್ತಕದಾಗಿಂದೇ?" ಎಂದು ಮೆಲ್ಲಗೆ ಕೇಳಿದಳು. ಅಣ್ಣ ಹೊರಗೆ ಹೋದ. ಅವನ ಬೆನ್ನು ನೋಡಿ ಮತ್ತೆ ಹೊಟ್ಟೆ ತಣ್ಣಗಾಯಿತು. ಈ ಸಲ ಕದ್ದು ಸಂತೋಷಪಡಬೇಕಾಗಿರಲಿಲ್ಲ.

ಬೀಗತಿ ಎದ್ದು ಹೋಗುತ್ತಾಳೆಂದುಕೊಂಡೆ. ಅವಳು ಕೂತಲ್ಲಿಂದಲೇ ಕೇಳಿದಳು: "ನೀನಾ ಕಟ್ಟಿದಾಕಿ?"

"ಹೌದ್ರಿ."

"ರೊಟ್ಟಿ ಬಡಿದದ್ದು ಖರೇ. ಆದರ ಗಂಡ ದೂಡಿದ್ದಿಲ್ಲ. ನಾನೇ ಎದ್ದು ಹೋಗಿದ್ದೆ. ಕರೀಲಿಕ್ಕಿ ಬಂದಾಗೂ ಎರಡ್ ಸರ್ತಿ ಹೊಳ್ಳಿ ಕಳಿಸೀನಿ." ನನ್ನ ಮುಖ ನೋಡಿ, "ಕೇಳಿಲ್ಲ ಮಾಡಿಲ್ಲ, ಮಂದಿ ಬಾಯಿಂದ ಎತ್ಕೊಂಡು ಬರೀತಿ. ಅದೊಂದು ತಿದ್ದು" ಎಂದಳು.

ಕ್ಷಮಿಸಿದೆ ಎನ್ನಲಿಲ್ಲ. ಆದರೆ ನನ್ನ ಸಾಲು ತಪ್ಪು, ನೀನು ತಿದ್ದಬೇಕು ಎಂದು ನನಗೆ ಹೇಳಿದವರಲ್ಲಿ ಅವಳೇ ಮೊದಲನೆಯವಳು. ಹಳ್ಳದ ನೀರಿಗೆ ಯಾರೂ ಹಾಗೆ ಹೇಳುವುದಿಲ್ಲ.

ಮರುದಿನ ಕೊಹಿನೂರಕ್ಕೆ ಹೋದೆ. ತಂಗಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಚಾಪೆ ಹಾಸಲಿಲ್ಲ. ನಾನೇ ನೆಲಕ್ಕೆ ಕೂತು ಮೊರ ಎಳೆದುಕೊಂಡೆ. ತಿದ್ದಿದ ಸಾಲು ಹೇಳಿದೆ:

ಬೀಗತಿ ಬಂದಾಳ, ಬಂಗಾರ ಹಾಕ್ಯಾಳ
ಗಂಡನ್ನ ಬಿಟ್ಟೆದ್ದು ಚಿಟಗುಪ್ಪದಾಗ
ತನ್ನ ರೊಟ್ಟಿ ತಾನ ಬಡಿದಾಳ

"ಛಲೋ ಅದ," ಎಂದಳು ತಲೆ ಎತ್ತದೆ.

"ಬೀಗತಿ ಮುಂದ ಹಾಡ್ತೀಯಾ? ಅಣ್ಣನ ಮನಿಗಿ ಈಗ ನೀ ಬರಬಹುದು."

"ಅಣ್ಣನ ಮನಿ ನನಗ ಬ್ಯಾಡ. ಹಾಡೂ ಬ್ಯಾಡ." ಕಾಳಿನಿಂದ ಒಂದು ಕಲ್ಲು ಆರಿಸಿ ಅಂಗಳದಾಚೆ ಒಗೆದಳು. "ನಿನ್ನ ಮಾತು ನನ್ನ ಬಾಯಾಗ ಇಡೂದು ಮುಗೀತು ಅಕ್ಕಾ. ಕಟ್ಟಿದಾಕಿ ನೀನ ಅಲ್ಲ? ಹೋಗಿ ನೀನ ಹಾಡು, ನಿನ್ನ ಒಡಕ ದನೀಲಿಂದ."

ಮುಂದಿನ ವಾರ ಬೀಗತಿಯ ಮನೆಗೆ ಹೋಗಿ ಹಾಡಿದೆ. ಒಡೆದ ಮಡಕೆಯ ದನಿಯಲ್ಲೇ. ಎರಡನೆಯ ಸಾಲಿಗೆ ಸ್ವರ ತಪ್ಪಿತು. ಅವಳು ನಗಲಿಲ್ಲ, ಏಳಲೂ ಇಲ್ಲ. ಕೊನೆಯವರೆಗೆ ಕೇಳಿ, "ಈಗ ಬರಾಬರ್ ಅದ" ಎಂದಳು.

ಅಣ್ಣನ ಪುಸ್ತಕದ ಎರಡನೆಯ ಮುದ್ರಣ ಬರುತ್ತದಂತೆ. ಅದರಲ್ಲಿ ಬಸ್ಸು ಇರುತ್ತದೋ ಬಂಡಿ ಇರುತ್ತದೋ ನೋಡುತ್ತೇನೆ. ಬಂಡಿಯೇ ಇದ್ದರೆ ನನ್ನ ಹತ್ತಿರ ಅವನ ಮೇಲೆ ಇನ್ನೂ ಸಾಲುಗಳಿವೆ. ಅವುಗಳನ್ನು ನಾನೇ ಹಾಡುತ್ತೇನೆ.