ಒಂದೇ ಎಳೆತಕ್ಕೆ ಬಿಚ್ಚುವ ಅಂಗಿ

ಕೊಲಂಬಿಯದ ಸಾಂತಾಂದೇರ್ ಬೆಟ್ಟಸೀಮೆಯ ಆ ಆಲೆಮನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕೆಲಸಗಾರರ ಉಡುಪನ್ನು ಆರಿಸುತ್ತಿದ್ದವರು ಉಗ್ರಾಣದ ಎರ್ಮೆಲಿಂದಾ. ಒಲೆಸಾಲಿನ ಕೊನೆಯ ಕೊಪ್ಪರಿಗೆಯಲ್ಲಿ ಕುದಿಯುವ ಬೆಲ್ಲದ ಪಾಕ ಮೈಮೇಲೆ ಸಿಡಿದರೆ, ತೊಯ್ದ ಅಂಗಿಯನ್ನು ಕಳಚುವಷ್ಟರಲ್ಲಿ ಚರ್ಮ ಬೆಂದುಹೋಗುತ್ತದೆ. ಹನ್ನೊಂದು ವರ್ಷಗಳಿಂದ ಅಲ್ಲಿ ಪಾಕ ತಿರುವುತ್ತಿದ್ದ ಅಕಿಲಿನೋನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಈ ಸಲ ಧಣಿ ಎವಾರಿಸ್ತೋ ತಾವೇ ಪಟ್ಟಣದಿಂದ ಸಾಲುಗುಂಡಿಯ, ಮಿರಮಿರ ಮಿಂಚುವ ಅಂಗಿಗಳನ್ನು ತಂದಿದ್ದರು.

"ನೋಡಿ ಎರ್ಮೆಲಿಂದಮ್ಮಾ, ಇನ್ನು ನಮ್ಮೋರೆಲ್ಲ ಮದುವೆ ಗಂಡುಗಳು!"

"ಮೊದಲು ನೀವೇ ಮದುವೆ ಗಂಡಾಗಿ, ಧಣಿ. ಹಾಕ್ಕೊಳ್ಳಿ."

ಅವರು ಗುಂಡಿ ಹಾಕಿ ಮುಗಿಸುತ್ತಲೇ ಎರ್ಮೆಲಿಂದಾ ಒಂದು ಬೋಗುಣಿ ತಣ್ಣನೆಯ ಕಬ್ಬಿನ ಹಾಲನ್ನು ಅವರ ಎದೆಗೆ ಎರಚಿದರು.

"ಕುದಿಯೋ ಪಾಕ ಅದು! ಬಿಚ್ಚಿ, ಬೇಗ!"

ಧಣಿಯ ಅಂಟುಬೆರಳುಗಳು ಮೂರನೆಯ ಗುಂಡಿಗೆ ಬರುವಷ್ಟರಲ್ಲಿ ಎರ್ಮೆಲಿಂದಾ ಒಂಬತ್ತರವರೆಗೆ ಎಣಿಸಿದ್ದರು.

"ಬೆಂದು ಹೋದ್ರಿ, ಧಣಿ. ಅಕಿಲಿನೋ, ನೀನು ತೋರ್ಸಪ್ಪ."

ಅಕಿಲಿನೋ ತಾನು ತೊಟ್ಟಿದ್ದ ದಪ್ಪ ಹತ್ತಿಯಂಗಿಯ ಅಂಚನ್ನು ಹಿಡಿದು ಒಮ್ಮೆ ಎಳೆದ. ಒತ್ತುಗುಂಡಿಗಳೆಲ್ಲ ಪಟಪಟನೆ ಬಿಟ್ಟುಕೊಂಡು ಅಂಗಿ ನೆಲಕ್ಕೆ ಬಿತ್ತು.

ಧಣಿ ಅದನ್ನು ಎತ್ತಿ ನೋಡಿದರು. "ಇದೊಂದರಲ್ಲಿ ಮೇಲೆ ಬರೋ ಅಂಚು ಯಾಕೆ ಬೇರೆಯವರ ಅಂಗಿಗಿಂತ ಉಲ್ಟಾ ಇದೆ?"

"ಅವನು ಎಡಚ ಅಲ್ವಾ," ಎನ್ನುತ್ತಾ ಎರ್ಮೆಲಿಂದಾ ಹೊಸ ಅಂಗಿಗಳನ್ನು ಪೆಟ್ಟಿಗೆಗೆ ತುಂಬತೊಡಗಿದರು. "ಇವನ್ನ ವಾಪಸ್ ಕಳಿಸ್ಲಾ?"

"ಕಳ್ಸಿ, ಎರ್ಮೆಲಿಂದಮ್ಮಾ," ಎಂದ ಧಣಿ ತಮ್ಮ ಒದ್ದೆ ಅಂಗಿಯನ್ನೂ ಕಳಚಿ ಕೊಟ್ಟರು.

ಅಕಿಲಿನೋ ಬರಿಮೈಯಲ್ಲಿ ನಿಂತೇ ಇದ್ದ. ಹನ್ನೊಂದು ವರ್ಷ ಅಂಥ ಅಂಗಿಗಳನ್ನೇ ತೊಟ್ಟಿದ್ದರೂ, ತನ್ನ ಎಡಗೈಯನ್ನು ಯಾರೋ ಗಮನಿಸಿದ್ದಾರೆಂದು ಅವನಿಗೆ ತಿಳಿದೇ ಇರಲಿಲ್ಲ.